499: ಕಾಯದೆ ಹೋದವರ ಲೆಕ್ಕ

ಜಾವಾದಲ್ಲಿ ಕಟ್ಟಿದ ದೊಡ್ಡ ಜಾಲತಾಣದ ಲಾಗ್ ತೆರೆದರೆ ‘ಬ್ರೋಕನ್ ಪೈಪ್’ ಎಂಬ ಸಾಲು ಎಲ್ಲಾದರೊಂದು ಕಡೆ ಸಿಕ್ಕೇ ಸಿಗುತ್ತದೆ, ಅದರ ಬೆನ್ನಿಗೆ ಮಾರುದ್ದದ ಸ್ಟ್ಯಾಕ್ ಟ್ರೇಸ್. ಹೊಸಬರು ಗಾಬರಿಯಾಗುತ್ತಾರೆ, ಹಳಬರು ‘ಅದು ಇದ್ದದ್ದೇ ಬಿಡಿ’ ಎನ್ನುತ್ತಾರೆ. ಉತ್ತರ ತಲುಪುವ ಮೊದಲೇ ಯಾರೋ ಟ್ಯಾಬ್ ಮುಚ್ಚಿದ್ದಾರೆ, ಇಲ್ಲವೇ ಫೋನಿನ ನೆಟ್‌ವರ್ಕ್ ಹೋಗಿದೆ. ಟಾಮ್‌ಕ್ಯಾಟ್ ಸರ್ವರ್ ಇದನ್ನು ‘ಕ್ಲೈಂಟ್ ಅಬಾರ್ಟ್ ಎಕ್ಸೆಪ್ಷನ್’ ಎಂದು ಕರೆಯುತ್ತದೆ. ಅನೇಕ ತಂಡಗಳಲ್ಲಿ ಇದಕ್ಕಿರುವ ಮದ್ದು ಆ ಎಕ್ಸೆಪ್ಷನ್ ಹಿಡಿದು ನುಂಗಿಬಿಡುವುದು. ಲಾಗ್ ಚೊಕ್ಕಟವಾಗುತ್ತದೆ, ನಡುರಾತ್ರಿ ಅಲರ್ಟ್ ಬಡಿಯುವುದೂ ನಿಲ್ಲುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವುದೇ ಈ ರೂಢಿಯ ದೊಡ್ಡ ದೋಷ.

ಈ ಎಕ್ಸೆಪ್ಷನ್ ನಂಬಿಕಸ್ಥ ಸಾಕ್ಷಿಯೇನೂ ಅಲ್ಲ. ಎದುರಿನವರು ಸಂಪರ್ಕ ಮುಚ್ಚಿದ ಮೇಲೂ ಸರ್ವರ್ ಮಾಡುವ ಮೊದಲ ರವಾನೆ ಸಾಮಾನ್ಯವಾಗಿ ಸಲೀಸಾಗಿ ಸಾಗುತ್ತದೆ. ಮಾಹಿತಿ ಆಪರೇಟಿಂಗ್ ಸಿಸ್ಟಂನ ಬಫರ್ ಸೇರಿ ‘ಆಯಿತು’ ಎಂಬ ಉತ್ತರ ಬರುತ್ತದೆ. ಆ ಕಡೆಯಿಂದ ಟಿಸಿಪಿ ರೀಸೆಟ್ ಬಂದ ನಂತರದ ರವಾನೆಯಲ್ಲಷ್ಟೇ ದೋಷ ಬಯಲಾಗುವುದು. ಉತ್ತರ ಚಿಕ್ಕದಿದ್ದರೆ ಎರಡನೆಯ ರವಾನೆಯೇ ಇರುವುದಿಲ್ಲ, ಹಾಗಾಗಿ ದೋಷವೂ ಹುಟ್ಟುವುದಿಲ್ಲ. ಪಿಎಚ್‌ಪಿಯ ಕಥೆಯೂ ಇದೇ: ಏನನ್ನಾದರೂ ಕಳಿಸಲು ಹೋಗುವ ತನಕ ಬಳಕೆದಾರರು ಇದ್ದಾರೋ ಹೋದರೋ ಅದಕ್ಕೆ ತಿಳಿಯದು. ಅಷ್ಟರಲ್ಲಿ ಡೇಟಾಬೇಸ್ ಲಕ್ಷಾಂತರ ಸಾಲು ಜಾಲಾಡಿ ಮುಗಿಸಿರಬಹುದು. ಗಿರಾಕಿ ಎದ್ದುಹೋದದ್ದು ದೋಸೆ ಟೇಬಲ್ಲಿಗೆ ಬಂದ ಮೇಲೆ ಗೊತ್ತಾದಂತೆ.

ರಷ್ಯಾದ ಇಗೋರ್ ಸಿಸೋಯೆವ್ ಬರೆದು 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಸರ್ವರ್ ಇದಕ್ಕಿಂತ ಜಾಣ. ಇಂಥ ಕೋರಿಕೆಗಳಿಗೆ ಅದು ಲಾಗ್‌ನಲ್ಲಿ 499 ಎಂಬ ಪ್ರತ್ಯೇಕ ಸಂಖ್ಯೆ ಬರೆಯುತ್ತದೆ. ಎಚ್‌ಟಿಟಿಪಿ ಮಾನಕದಲ್ಲಿ ಈ ಸಂಖ್ಯೆ ಇಲ್ಲ. ಬಳಕೆದಾರರಿಗೆ ಅದು ತಲುಪುವುದೂ ಇಲ್ಲ, ತಲುಪಿಸಲು ಅತ್ತ ಕಡೆ ಯಾರಿದ್ದಾರೆ? ಆದರೂ ಸರ್ವರ್‌ನ ತಪ್ಪುಗಳ ರಾಶಿಯಿಂದ ಇವನ್ನು ಬೇರ್ಪಡಿಸಿ ಎಣಿಸಲು ದಾರಿಯಾಯಿತು. ಎಣಿಸಿದ್ದನ್ನು ಓದುವಲ್ಲಿ ಎಡವುವವರೇ ಹೆಚ್ಚು. 499 ಏರುತ್ತಿದೆಯೆಂದರೆ ಪುಟ ನಿಧಾನವಾಗಿ ಜನ ಬೇಸತ್ತು ಹೋಗುತ್ತಿರಬಹುದು. ಇನ್ನೊಂದು ಸಾಧ್ಯತೆಯೂ ಉಂಟು: ಎಂಜಿನ್‌ಎಕ್ಸ್ ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದು, ಅದರ ಗಡುವು ಮುಗಿದು ಸಂಪರ್ಕ ಕಡಿದರೂ ಲಾಗ್‌ನಲ್ಲಿ ಬೀಳುವುದು 499. ಅಮೆಜಾನ್‌ನ ಅಪ್ಲಿಕೇಷನ್ ಲೋಡ್ ಬ್ಯಾಲೆನ್ಸರ್‌ನಲ್ಲಿ ಸಂಪರ್ಕ ಸುಮ್ಮನಿರಬಹುದಾದ ಗಡುವು ಮೂಲತಃ 60 ಸೆಕೆಂಡು. ಯಂತ್ರ ಮಾಡಿದ್ದಕ್ಕೆ ಬಳಕೆದಾರರ ಮೇಲೆ ಅಪವಾದ!

ಗೋ ಭಾಷೆಯ ವಿಧಾನ ಇವೆಲ್ಲಕ್ಕಿಂತ ಮೇಲು. 2016ರ 1.7ನೇ ಆವೃತ್ತಿಯಿಂದ ಅಲ್ಲಿ ಪ್ರತಿ ಕೋರಿಕೆಗೂ ಒಂದು ಕಾಂಟೆಕ್ಸ್ಟ್ ಅಂಟಿಕೊಂಡಿರುತ್ತದೆ. ಸಂಪರ್ಕ ಕಡಿದರೆ ಅದು ರದ್ದಾಗುತ್ತದೆ. ಅದನ್ನು ಡೇಟಾಬೇಸ್ ಕರೆಯವರೆಗೂ ದಾಟಿಸಿದ್ದರೆ, ಡ್ರೈವರ್ ಸಹಕರಿಸಿದಲ್ಲಿ ಕ್ವೆರಿ ಅರ್ಧಕ್ಕೇ ನಿಲ್ಲುತ್ತದೆ. ಡಾಟ್‌ನೆಟ್‌ನ ‘ರಿಕ್ವೆಸ್ಟ್ ಅಬಾರ್ಟೆಡ್’ ಟೋಕನ್ ಕೂಡ ಇದೇ ಜಾತಿಯದು.

ಆದರೆ ಎಲ್ಲವನ್ನೂ ಅರ್ಧಕ್ಕೇ ನಿಲ್ಲಿಸುವಂತಿಲ್ಲ. ವರದಿ ಓದಲು ಬಂದವರು ಹೋದರೆ ಹುಡುಕಾಟ ನಿಲ್ಲಲಿ. ಹಣ ಕಟ್ಟುತ್ತಿದ್ದವರ ಫೋನ್ ಸಿಗ್ನಲ್ ಹೋದರೆ? ಖಾತೆಯಿಂದ ಮೊತ್ತ ಕಡಿತವಾಗಿ ರಸೀದಿ ದಾಖಲಾಗುವ ಮುನ್ನವೇ ಕೆಲಸ ರದ್ದಾದರೆ ಕಾಲ್‌ಸೆಂಟರ್‌ಗೆ ಕರೆ ಖಚಿತ. ಗೋ ಬಳಗ ಇಂಥ ಕೆಲಸಗಳಿಗೆ ಒದಗುವ ‘ವಿದೌಟ್ ಕ್ಯಾನ್ಸಲ್’ ಸೌಲಭ್ಯವನ್ನು ಭಾಷೆಯ ಜತೆಗೇ ಕೊಟ್ಟದ್ದು 2023ರ 1.21ನೇ ಆವೃತ್ತಿಯಲ್ಲಿ. ಏಳು ವರ್ಷ ತಡವಾಯಿತೆನ್ನಬೇಕು.

ಅಷ್ಟಾದರೂ ಬಳಕೆದಾರರ ಗೊಂದಲ ತೀರುವುದಿಲ್ಲ. ಸಂಪರ್ಕ ಕಡಿದವರಿಗೆ ಹಣ ಹೋಯಿತೋ ಇಲ್ಲವೋ ತಿಳಿಯದು. ಮತ್ತೆ ಬಟನ್ ಒತ್ತುತ್ತಾರೆ. ಈ ಎರಡನೇ ಒತ್ತುವಿಕೆಯನ್ನು ಎಣಿಕೆಗೆ ತೆಗೆದುಕೊಳ್ಳದ ಯಾವ ದೋಷನಿರ್ವಹಣೆಯೂ ಅರೆಬೆಂದದ್ದು. ಪಾವತಿ ಸಂಸ್ಥೆ ಸ್ಟ್ರೈಪ್ ಇದಕ್ಕೆಂದೇ ಪ್ರತಿ ಪಾವತಿ ಕೋರಿಕೆಯ ಜತೆ ವಿಶಿಷ್ಟ ಕೀಲಿಯೊಂದನ್ನು ಕಳಿಸಲು ಅವಕಾಶ ಕೊಟ್ಟಿದೆ: ಅದೇ ಕೀಲಿಯ ಕೋರಿಕೆ ಮರಳಿ ಬಂದರೆ ಹೊಸ ಪಾವತಿ ನಡೆಯುವುದಿಲ್ಲ, ಹಿಂದಿನ ಫಲಿತಾಂಶವೇ ಹಿಂತಿರುಗುತ್ತದೆ. ಕೀಲಿ ಕನಿಷ್ಠ 24 ಗಂಟೆ ಜೀವಂತವಾಗಿರುತ್ತದೆ.