ಹಲಗೂರಿನ ನಂಜು: ವಿಷಸಸ್ಯ, ಮಾಟದ ಮಾತು ಮತ್ತು ಮಂಟೇಸ್ವಾಮಿ ಕಾವ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನಪದ ಜೀವನವನ್ನು ಕುರಿತು ಬರೆಯುವವರು ವಿಷಸಸ್ಯಗಳ ಪ್ರಸ್ತಾಪ ಬಂದೊಡನೆ ಅದನ್ನು ಮಾಟ, ಮದ್ದು, ವಾಮಾಚಾರಗಳ ಅಧ್ಯಾಯಕ್ಕೆ ಸೇರಿಸಿ ಮುಂದೆ ಸಾಗುವುದು ಒಂದು ರೂಢಿಯಾಗಿಬಿಟ್ಟಿದೆ. ಎಕ್ಕ, ಉಮ್ಮತ್ತಿ, ಕಣಗಿಲೆ, ಗುಲಗಂಜಿ, ಗೌರಿಹೂ, ಕಾಸರಕ ಇವುಗಳ ಪಟ್ಟಿಯೊಂದನ್ನು ಕೊಟ್ಟು, ಇವು ಮಾಟಗಾರರ ಸಾಮಗ್ರಿಗಳೆಂದು ಹೇಳಿದರೆ ವಿಷಯ ಮುಗಿಯಿತೆಂಬ ಭಾವನೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಕಾಣುತ್ತದೆ. ಈ ವರ್ಗೀಕರಣವು ನಮ್ಮ ನೆಲದ ಆಚಾರಕ್ಕೆ ಹೊಂದುವುದಿಲ್ಲವೆಂದೂ, ಮಂಟೇಸ್ವಾಮಿ ಕಾವ್ಯದ ಹಲಗೂರಿನ ಪ್ರಸಂಗವನ್ನು ಓದುವವರನ್ನು ಅದು ದಾರಿ ತಪ್ಪಿಸುತ್ತದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ವಿಷಸಸ್ಯವನ್ನೂ ಮಾಟಗಾತಿಯನ್ನೂ ಜೊತೆಗೂಡಿಸುವ ಈ ಕಲ್ಪನೆ ಮುಖ್ಯವಾಗಿ ಯುರೋಪಿನದು. ಬೆಲಡೋನ, ಹೆನ್‌ಬೇನ್, ಮ್ಯಾಂಡ್ರೇಕ್ ಎಂಬ ಮೂರು ಸಸ್ಯಗಳು ಅಲ್ಲಿ ಮಾಟಗಾತಿಯ ಹೆಸರಿನೊಡನೆ ಬೆಸೆದುಕೊಂಡಿವೆ. ನೇಪಲ್ಸಿನ ಪಂಡಿತ ದೆಲ್ಲ ಪೋರ್ತನು 1558ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೈಗೆ ಬಳಿದುಕೊಂಡವರು ಆಕಾಶದಲ್ಲಿ ಹಾರಿದೆವೆಂದು ಭ್ರಮಿಸುವ ಲೇಪವೊಂದರ ಮಾತು ಬರುತ್ತದೆ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದಲ್ಲಿ ಮಾಟಗಾತಿಯರ ಕೊಪ್ಪರಿಗೆಗೆ ವಿಷದ ಬೇರೂ ಬೀಳುತ್ತದೆ. ಆ ಮೂರು ಸಸ್ಯಗಳೂ ನಮ್ಮ ಬದನೆಯ ಕುಟುಂಬಕ್ಕೆ ಸೇರಿದವು. ಉಮ್ಮತ್ತಿಯೂ ಅದೇ ಕುಟುಂಬದ್ದು. ಒಳಗಿರುವ ಅಟ್ರೊಪಿನ್, ಸ್ಕೊಪೊಲಮಿನ್ ಮೊದಲಾದ ದ್ರವ್ಯಗಳೂ ಒಂದೇ ಜಾತಿಯವು. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಇಲ್ಲದ್ದನ್ನು ಕಂಡು ಬಡಬಡಿಸುವುದು ಎಂಬ ಲಕ್ಷಣಗಳೂ ಒಂದೇ. ರಸಾಯನ ಒಂದೇ ಆಗಿದ್ದರೂ ಸಂಸ್ಕೃತಿಯಲ್ಲಿ ಅವುಗಳಿಗೆ ದೊರೆತ ಸ್ಥಾನ ಮಾತ್ರ ಒಂದೇ ಆಗಲಿಲ್ಲ. ಅಲ್ಲಿ ಮಾಟಗಾತಿಯ ಕೊಪ್ಪರಿಗೆಯಲ್ಲಿ ಕುದಿದದ್ದು ಇಲ್ಲಿ ಶಿವನ ಮುಡಿಗೇರಿತು.

ಮುಡಿಗೇರಿತೆಂಬುದು ಅಲಂಕಾರದ ಮಾತಲ್ಲ. ಚೋಳರ ಕಾಲದ ಕಂಚಿನ ನಟರಾಜ ವಿಗ್ರಹಗಳ ಜಟೆಯಲ್ಲಿ ಚಂದ್ರಕಲೆಯ ಜೊತೆಗೆ ಉಮ್ಮತ್ತಿಯ ಹೂವನ್ನು ಕಾಣಬಹುದು. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ನಿರ್ಮಾಣವಾದ ಮಲ್ಲಿಕಾರ್ಜುನ ದೇವಾಲಯದ ಶಿಲ್ಪಗಳನ್ನು ನೋಡಿದವರು ಬಲ್ಲರು: ಹೊಯ್ಸಳ ಶಿಲ್ಪಿಯ ಆಭರಣಪ್ರೀತಿಯಲ್ಲಿ ಹೂವೂ ಒಡವೆಯೇ ಆಗಿಬಿಡುತ್ತದೆ, ಸಸ್ಯದ ಗುರುತನ್ನು ಕಲ್ಲಿನಲ್ಲಿ ಹುಡುಕುವುದಕ್ಕಿಂತ ಪೂಜೆಯಲ್ಲಿ ಹುಡುಕುವುದು ಲೇಸು. ಪೂಜೆಗೆ ಬಂದರೆ ಸಂಶಯಕ್ಕೆ ಎಡೆಯೇ ಇಲ್ಲ. ಎಕ್ಕದ ಹೂವೂ ಕಣಗಿಲೆಯೂ ಶಿವನಿಗೆ ಸಲ್ಲುತ್ತವೆ. ರಥಸಪ್ತಮಿಯ ದಿನ ಏಳು ಎಕ್ಕದೆಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನ ಮಾಡುತ್ತಾರೆ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿಯನ್ನು ಕೆತ್ತಿ ಪೂಜಿಸುತ್ತಾರೆ. ಮೂರನೆಯ ಮದುವೆಯಾಗುವವನು ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟುವ ಪದ್ಧತಿಯಲ್ಲಿ ಮೂರನೆಯವಳಿಗೆ ತಗಲಬೇಕಾದ ಕೇಡನ್ನು ಆ ಗಿಡ ಹೊರುತ್ತದೆ. ಗೆಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ಘೋರವಿಷವನ್ನು ತುಂಬಿಕೊಂಡಿರುವ ಬಳ್ಳಿಗೆ ನಮ್ಮ ಜನ ಇಟ್ಟ ಹೆಸರು ಗೌರಿಹೂ. ಗೌರಿಹಬ್ಬದ ಮಳೆಗಾಲದಲ್ಲಿ ಬೇಲಿಯ ಮೇಲೆ ಉರಿವ ಬೆಂಕಿಯಂತೆ ಅರಳುವ ಆ ಹೂವಿನ ವಿಷವನ್ನು ಅರಿಯದೆ ಇಟ್ಟ ಹೆಸರೆಂದು ಭಾವಿಸಲು ಕಾರಣವಿಲ್ಲ.

ಇನ್ನು ಮನುಷ್ಯರ ಹೆಸರುಗಳನ್ನು ನೋಡೋಣ. ನಂಜಪ್ಪ, ನಂಜಮ್ಮ, ನಂಜೇಗೌಡ, ನಂಜುಂಡಯ್ಯ ಎಂಬ ಹೆಸರುಗಳಿಲ್ಲದ ಊರು ಈ ಸೀಮೆಯಲ್ಲಿ ಅಪರೂಪ. ನಂಜನ್ನು ಉಂಡವನು ನಂಜುಂಡ. ಅವನ ಕ್ಷೇತ್ರ ನಂಜನಗೂಡು. ಮಗುವಿಗೆ ವಿಷದ ಹೆಸರಿಡುವುದನ್ನು ಶುಭವೆಂದು ತಿಳಿದ ಜನ, ವಿಷವೆಲ್ಲವೂ ಮಾಟವೆಂದು ನಂಬಿದ್ದರೆಂಬುದು ಹೇಗೆ ಕೂಡುತ್ತದೆ?

ಪಂಡಿತ ಪರಂಪರೆಯಲ್ಲಿಯೂ ವಿಷ ಅಡಗಿಸಿಡುವ ವಿದ್ಯೆಯಾಗಿರಲಿಲ್ಲ. ಸುಮಾರು 1360ರಲ್ಲಿದ್ದ ಜೈನಕವಿ ಒಂದನೆಯ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ, ಕಾವ್ಯದ ಮೈಯಲ್ಲಿಯೇ ಬರೆದನು. ಸಸ್ಯ ಮೊದಲಾದವುಗಳಿಂದ ಬರುವುದು ಸ್ಥಾವರವಿಷ, ಹಾವು ಚೇಳು ಮೊದಲಾದವುಗಳಿಂದ ಬರುವುದು ಜಂಗಮವಿಷ ಎಂಬ ಆಯುರ್ವೇದದ ವಿಭಾಗ ಅವನಿಗೂ ಆಧಾರ. ಅವನಲ್ಲಿ ಮಂತ್ರಕ್ಕೂ ಸ್ಥಾನವುಂಟು; ಇಂದಿನ ವೈದ್ಯದೃಷ್ಟಿಯಿಂದ ಒಪ್ಪಲಾಗದ ಸಂಗತಿಗಳೂ ಹೇರಳ. ಆದರೆ ನಮಗೆ ಬೇಕಾದ ಅಂಶ ಬೇರೆ. ಇಂಥ ಗ್ರಂಥದಲ್ಲಿ ವಿಷಕ್ಕೆ ಹೆಸರಿದೆ, ಲಕ್ಷಣವಿದೆ, ಪರಿಹಾರವಿದೆ. ಯಾರು ಕೊಟ್ಟರೆಂಬುದಕ್ಕಿಂತ ಏನು ಕೊಟ್ಟರೆಂಬ ಪ್ರಶ್ನೆ ಮುಖ್ಯ. ಇದನ್ನು ಕೇವಲ ಶಾಸ್ತ್ರಗ್ರಂಥವೆಂದು ಸಾಹಿತ್ಯ ಚರಿತ್ರೆಗಳ ಮೂಲೆಗೆ ತಳ್ಳಿರುವುದು ನ್ಯಾಯವಲ್ಲ.

ಈಗ ‘ಮದ್ದು ಹಾಕುವುದು’ ಎಂಬ ಮಾತಿಗೆ ಬರಬೇಕು. ಮದ್ದು ಎಂಬ ಒಂದೇ ಶಬ್ದ ಔಷಧಕ್ಕೂ ವಿಷಕ್ಕೂ ಸಿಡಿಮದ್ದಿಗೂ ಸಲ್ಲುತ್ತದೆ. ಅನ್ನದಲ್ಲೋ ಹಾಲಿನಲ್ಲೋ ಬಾಳೆಹಣ್ಣಿನಲ್ಲೋ ಯಾರೋ ಬೆರೆಸಿಕೊಟ್ಟ ಮದ್ದು ಹೊಟ್ಟೆಯಲ್ಲಿ ಅಂಟಿಕೊಂಡು ಮನುಷ್ಯನನ್ನು ಸೊರಗಿಸುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ವಾಂತಿ ಮಾಡಿಸಿ ಅದನ್ನು ‘ತೆಗೆಯುವ’ವರೂ ಉಂಟು, ಹೊರಬಿದ್ದ ಗಂಟನ್ನು ರೋಗಿಗೆ ತೋರಿಸುವುದೂ ಉಂಟು. ಹೊಟ್ಟೆನೋವು, ಕ್ಷಯ, ಹಸಿವಿಲ್ಲದಿರುವುದು ಎಲ್ಲಕ್ಕೂ ಇದೊಂದೇ ಕಾರಣ. ಆ ಮದ್ದು ಯಾವುದರಿಂದಾದದ್ದೆಂದು ಕೇಳಿದರೆ ಹಲ್ಲಿ, ಊಸರವಳ್ಳಿಗಳ ಮಾತು ಬಂದೀತು. ಬೇಲಿಯಲ್ಲೇ ಬೆಳೆಯುವ, ಎಲ್ಲರೂ ಬಲ್ಲ ಎಕ್ಕ, ಉಮ್ಮತ್ತಿ, ಕಣಗಿಲೆಗಳ ಹೆಸರು ಬರುವುದು ವಿರಳ. ಹಾಕಿದವರು ಯಾರೆಂದು ಕೇಳಿದರೆ ಮಾತ್ರ ಉತ್ತರ ತಡವಾಗುವುದಿಲ್ಲ. ಅತ್ತೆ, ಸೊಸೆ, ಓರಗಿತ್ತಿ, ಒಂಟಿಯಾಗಿ ಬಾಳುವ ನೆರೆಮನೆಯ ವಿಧವೆ: ಹೆಚ್ಚಾಗಿ ಹೆಂಗಸರೇ. ಗಿಡದ ಹೆಸರು ಇಲ್ಲವಾದ ಕಡೆ ಮನುಷ್ಯರ ಹೆಸರು ಬಂದು ಕುಳಿತುಕೊಳ್ಳುತ್ತದೆ. ಆಪಾದನೆಗೆ ಸಸ್ಯ ಬೇಕಾಗಿಯೇ ಇಲ್ಲ. ಮಾಟದ ಹೆಸರಿನಲ್ಲಿ ನಡೆಯುವ ಕ್ರೌರ್ಯವನ್ನು ತಡೆಯಲು ಕರ್ನಾಟಕದ ಶಾಸನಸಭೆ 2017ರಲ್ಲಿ ಅಧಿನಿಯಮವೊಂದನ್ನು ಮಾಡಬೇಕಾಗಿ ಬಂದು, ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಹೀಗಿರುವಾಗ ಪ್ರಬಂಧಕಾರರು ‘ಮಾಟದ ಸಸ್ಯಗಳು’ ಎಂಬ ಶೀರ್ಷಿಕೆಯ ಕೆಳಗೆ ಪಟ್ಟಿ ಬರೆದು, ಇಲ್ಲದ ಸಾಕ್ಷ್ಯವನ್ನು ಒದಗಿಸಿಕೊಡುವುದು ಸಣ್ಣ ವಿಷಯವಲ್ಲ.

ವಿಷಸಸ್ಯಗಳಿಂದ ಅಪರಾಧ ನಡೆದೇ ಇಲ್ಲವೆಂದು ಇದರ ಅರ್ಥವಲ್ಲ. ದಾರಿಹೋಕರಿಗೆ ಉಮ್ಮತ್ತಿಯ ಬೀಜ ಬೆರೆಸಿದ ತಿನಿಸು ಕೊಟ್ಟು, ಮೈಮರೆತವರನ್ನು ದೋಚುತ್ತಿದ್ದ ಕಳ್ಳರ ವಿಚಾರ ನಾರ್ಮನ್ ಚೆವರ್ಸನು 1856ರಲ್ಲಿ ಪ್ರಕಟಿಸಿದ ನ್ಯಾಯವೈದ್ಯದ ಕೈಪಿಡಿಯಲ್ಲಿ ವಿಸ್ತಾರವಾಗಿ ಬಂದಿದೆ. ಗುಲಗಂಜಿಯನ್ನು ಅರೆದು ಮೊನೆಯಾಗಿ ಒಣಗಿಸಿ ದನಗಳಿಗೆ ಚುಚ್ಚಿ ಕೊಲ್ಲುತ್ತಿದ್ದುದೂ ಹತ್ತೊಂಬತ್ತನೆಯ ಶತಮಾನದ ದಾಖಲೆಗಳಿಂದ ತಿಳಿಯುತ್ತದೆ. ಆದರೆ ಇವು ಹಣಕ್ಕಾಗಿ, ಚರ್ಮಕ್ಕಾಗಿ ನಡೆದ ಕೃತ್ಯಗಳು, ಮಾಟವಲ್ಲ. ಇದೇ ದಾಖಲೆಗಳಲ್ಲಿ ಇನ್ನೊಂದು ಪಾಠವೂ ಅಡಗಿದೆ. ಉತ್ತರ ಭಾರತದಲ್ಲಿ ದನಗಳು ಸತ್ತಾಗಲೆಲ್ಲ ಚರ್ಮದ ಕಸುಬಿನ ಜಾತಿಯೊಂದನ್ನೇ ಸಾರಾಸಗಟಾಗಿ ವಿಷವಿಕ್ಕುವವರೆಂದು ಅಧಿಕಾರಿಗಳು ಬರೆದರು. ಬರೆಹದಲ್ಲಿದ್ದ ಮಾತ್ರಕ್ಕೆ ಆರೋಪವು ಸಂಗತಿಯಾಗುವುದಿಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಚೆನ್ನಾಗಿ ಕಾಣಬಹುದು.

ಈ ಹಿನ್ನೆಲೆಯಲ್ಲಿ ಹಲಗೂರಿಗೆ ಹೋಗೋಣ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಪ್ರಮುಖ ಮಠಗಳಲ್ಲೊಂದು. ಅದೇ ತಾಲ್ಲೂಕಿನ ಹಲಗೂರು ಆ ಪರಂಪರೆಯ ಕಾವ್ಯದ ಅತ್ಯಂತ ಉಗ್ರವಾದ ಭಾಗದ ರಂಗಸ್ಥಳ. ನೀಲಗಾರರು ತಂಬೂರಿ ಮೀಟಿ ಹಾಡುವ ಈ ಭಾಗದಲ್ಲಿ ಗುರುವು ಶಿಷ್ಯನಾದ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಕಳುಹಿಸುತ್ತಾನೆ. ಅವರು ಭಿಕ್ಷೆ ಕೊಡುವುದಿಲ್ಲ, ಪರೀಕ್ಷೆಗಳನ್ನು ಒಡ್ಡುತ್ತಾರೆ. ಅವುಗಳಲ್ಲಿ ವಿಷವುಣಿಸುವುದೂ ಒಂದು. ಸಿದ್ದಪ್ಪಾಜಿ ಎಲ್ಲವನ್ನೂ ಗೆಲ್ಲುತ್ತಾನೆ, ಕಬ್ಬಿಣವನ್ನು ಪಡೆಯುತ್ತಾನೆ. ಹಾಡುಗಾರನಿಂದ ಹಾಡುಗಾರನಿಗೆ ಪಾಠ ಬೇರೆಯಾಗುವುದು ಸಹಜ. ಕಥೆಯ ಎಲುಬು ಇದು.

ಈ ವಿಷವನ್ನು ‘ಪಾಂಚಾಳರ ಮಾಟ’ವೆಂದು ಓದುವುದು ಸುಲಭ. ಆದರೆ ಇದು ಮದ್ದು ಹಾಕುವ ಪ್ರಸಂಗವೇ ಅಲ್ಲ. ಮದ್ದು ಹಾಕುವುದೆಂದರೆ ಗುಟ್ಟು. ಉಂಡವನಿಗೆ ಉಂಡದ್ದು ತಿಳಿದಿರಬಾರದು. ಹಲಗೂರಿನ ವಿಷವಾದರೋ ಪಂಥದ ವಿಷ. ಕೊಡುವವರೂ ಬಲ್ಲರು, ಉಣ್ಣುವವನೂ ಬಲ್ಲನು. ಭಿಕ್ಷೆ ಬೇಡಿದವನಿಗೆ ಅನ್ನದ ಬದಲು ನಂಜು ಬಡಿಸುವಲ್ಲಿ ಭಿಕ್ಷೆಯೆಂಬ ಧರ್ಮವನ್ನೇ ತಲೆಕೆಳಗು ಮಾಡಿದಂತಾಗಿದೆ. ಬಡಿಸಿದ್ದನ್ನು ಬೇಡವೆನ್ನದೆ ಉಂಡು ಜೋಗಿಯು ಅದನ್ನು ಮತ್ತೆ ಭಿಕ್ಷೆಯನ್ನಾಗಿ ಮಾಡುತ್ತಾನೆ. ಪ್ರಸಂಗದ ಬಲವಿರುವುದು ಇಲ್ಲಿ. ಘನನೀಲಿ ಎಂಬ ಅವನ ಬಿರುದನ್ನು ನೀಲಕಂಠನ ಕೊರಳಿಗೆ ಜೋಡಿಸುವ ಆಸೆ ಯಾರಿಗಾದರೂ ಆದೀತು. ಒಂದು ಹೆಸರನ್ನು ಹಿಡಿದು ಅಷ್ಟು ದೂರ ನಡೆಯುವುದು ತರವಲ್ಲ. ಆದರೂ ನಂಜುಂಡನ ನೆರಳು ಈ ಕಥೆಯ ಮೇಲೆ ಬಿದ್ದಿದೆಯೆಂಬುದರಲ್ಲಿ ನಮಗೆ ಸಂಶಯವಿಲ್ಲ. ಶಿವನು ಜಗತ್ತಿಗಾಗಿ ಉಂಡದ್ದನ್ನು ಇವನು ಹೊರೆ ಕಬ್ಬಿಣಕ್ಕಾಗಿ, ಗುರುವಿನ ಒಂದು ಮಾತಿಗಾಗಿ ಉಣ್ಣುತ್ತಾನೆ. ಪುರಾಣವು ಕುಲುಮೆಯ ಮುಂದಕ್ಕೆ ಇಳಿದು ಬಂದಿದೆ.

ಶಿಷ್ಟಕಾವ್ಯದೊಡನೆ ಹೋಲಿಸಿದರೆ ಈ ಗುಣ ಇನ್ನೂ ಸ್ಫುಟವಾಗುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆಯಲ್ಲಿ ದುಷ್ಟಬುದ್ಧಿಯು ವಿಷವನ್ನು ಕೊಡುವಂತೆ ಪತ್ರ ಬರೆಯುತ್ತಾನೆ. ಅವನ ಮಗಳು ವಿಷಯೆ ಅಕ್ಷರವನ್ನು ತಿದ್ದಿ ತನ್ನನ್ನೇ ಕೊಡುವಂತೆ ಮಾಡುತ್ತಾಳೆ. ಸೊಗಸಾದ ಕಥೆ, ಕನ್ನಡಿಗರೆಲ್ಲ ಮೆಚ್ಚಿದ್ದು. ಅಲ್ಲಿ ವಿಷ ಓಲೆಯ ಮೇಲಿನ ಪದ. ಪದವನ್ನು ಬದಲಿಸಿದರೆ ಸಾವು ಮದುವೆಯಾಗುತ್ತದೆ. ಹಲಗೂರಿನಲ್ಲಿ ತಿದ್ದಲು ಅಕ್ಷರವಿಲ್ಲ. ಓದುಬರಹ ಬಾರದವರು ಕಟ್ಟಿ ಉಳಿಸಿದ ಕಾವ್ಯದಲ್ಲಿ ವಿಷವನ್ನು ಉಂಡೇ ತೀರಬೇಕು. ಇವೆರಡರಲ್ಲಿ ಹಲಗೂರಿನ ಪ್ರಸಂಗವೇ ಹೆಚ್ಚು ಘನವಾದದ್ದೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಪಾಂಚಾಳರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಕಮ್ಮಾರ, ಬಡಗಿ, ಕಂಚುಗಾರ, ಕಲ್ಲುಕುಟಿಗ, ಅಕ್ಕಸಾಲಿ ಎಂಬ ಐದು ಕಸುಬಿನವರಲ್ಲಿ ಅಕ್ಕಸಾಲಿಯ ತಕ್ಕಡಿಯಲ್ಲಿ ಚಿನ್ನವನ್ನು ತೂಗುತ್ತಿದ್ದುದು ಗುಲಗಂಜಿಯಿಂದ; ತೊಲಕ್ಕೆ ತೊಂಬತ್ತಾರು ಗುಂಜಿ. ಅರೆದರೆ ಕೊಲ್ಲುವ, ಸಿಪ್ಪೆ ಒಡೆಯದಿದ್ದರೆ ನುಂಗಿದರೂ ಬಹುಮಟ್ಟಿಗೆ ಹಾಗೆಯೇ ಹೊರಬೀಳುವ ಆ ಬೀಜ ಅವರ ಕೈಯಲ್ಲಿ ವಿಷವಲ್ಲ, ಅಳತೆ. ಕಾವ್ಯವು ಅವರನ್ನು ವಿಷವಿಕ್ಕಿದವರೆಂದು ಹಾಡುವುದನ್ನು ಊರಿನ ಚರಿತ್ರೆಯೆಂದು ಎತ್ತಿ ಬರೆಯುವುದು, ದನ ಸತ್ತಾಗ ಒಂದು ಜಾತಿಯನ್ನು ಹಿಡಿದ ಅಧಿಕಾರಿಗಳ ಕೆಲಸಕ್ಕಿಂತ ಬೇರೆಯಲ್ಲ. ಅದೂ ಅಲ್ಲದೆ, ಕಾವ್ಯವೇ ಒಂದು ಸಂಗತಿಯನ್ನು ಮರೆಯದೆ ಹೇಳುತ್ತದೆ. ಸಿದ್ದಪ್ಪಾಜಿ ಮಂಟೇಸ್ವಾಮಿಯ ಶಿಷ್ಯನಾಗುವ ಮೊದಲು ಕೆಂಪಾಚಾರಿ. ಪಾಂಚಾಳರ ಮನೆಯಲ್ಲಿ ಹುಟ್ಟಿದವನು. ಹಲಗೂರಿನಲ್ಲಿ ಅವನ ಎದುರು ನಂಜಿನ ಬಟ್ಟಲು ಹಿಡಿದು ನಿಂತವರು ಪರರಲ್ಲ, ಕುಲವನ್ನು ಬಿಟ್ಟುಹೋದ ಮಗನು ಜೋಗಿಯಾಗಿ ಬಾಗಿಲಿಗೆ ಬಂದುದನ್ನು ಕಂಡ ಅವನ ಸ್ವಂತ ಕುಲದವರು.