ಅಳತೆ ಹಿಡಿದು ಸೆರೆಮನೆಗೆ ಹೋದವನು

ಇಂಗ್ಲೆಂಡ್ ಮತ್ತು ವೇಲ್ಸ್ ಸೆರೆಮನೆಗಳ ಸ್ಥಿತಿಗತಿಯ ಬಗ್ಗೆ ಸೆರೆಮನೆ ಸುಧಾರಕ ಜಾನ್ ಹೋವರ್ಡ್ 1777ರಲ್ಲಿ ಪ್ರಕಟಿಸಿದ ಪುಸ್ತಕ ಶಾನುಭೋಗರ ಕಡತದಂತಿದೆ. ಕೋಣೆಯ ಉದ್ದಗಲ, ಕಿಟಕಿ, ನೀರು, ಜೈಲರನ ಶುಲ್ಕ, ಆ ದಿನ ಒಳಗಿದ್ದವರ ಲೆಕ್ಕ: ಪುಟ ತಿರುವಿದಷ್ಟೂ ಇದೇ. ನನಗೆ ಅದರ ಬಲ ಕಾಣುವುದು ಈ ಒಣ ಬರವಣಿಗೆಯಲ್ಲೇ. ಕಣ್ಣೀರಿನ ಕತೆಯನ್ನು ಸುಳ್ಳೆನ್ನುವುದು ಸುಲಭ. ಕೋಣೆಯ ಅಳತೆ ತಪ್ಪೆನ್ನಬೇಕಾದರೆ ತಾನೂ ಒಳಗೆ ಹೋಗಿ ಅಳೆಯಬೇಕು.

ಒಳಗೆ ಹೋಗುವುದಕ್ಕೇ ಜನ ಅಂಜುತ್ತಿದ್ದರು. 1773-74ರಲ್ಲಿ ನೇಣಿಗಿಂತ ಹೆಚ್ಚು ಕೈದಿಗಳು ಸತ್ತದ್ದು 'ಜೈಲು ಜ್ವರ'ಕ್ಕೆ, ಅಂದರೆ ಟೈಫಸ್‌ಗೆ ಎನ್ನುತ್ತಾನೆ ಹೋವರ್ಡ್. ಬಟ್ಟೆಗೆ ಹತ್ತಿದ ನಾತ ತಾಳಲಾರದೆ ಮುಚ್ಚಿದ ಗಾಡಿ ಬಿಟ್ಟು ಕುದುರೆ ಏರುತ್ತಿದ್ದನಂತೆ. ಟಿಪ್ಪಣಿ ಪುಸ್ತಕದ ಹಾಳೆಗಳನ್ನೂ ಬೆಂಕಿಯ ಮುಂದೆ ಹರಡಬೇಕಿತ್ತು. ಇದೇ ಜ್ವರ 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ನುಗ್ಗಿ ಮೇಯರನನ್ನೂ ನ್ಯಾಯಾಧೀಶರನ್ನೂ ಕೊಂದಿತ್ತು. ದೊಡ್ಡವರು ಸತ್ತ ಮೇಲೆ ಪಕ್ಕದ ನ್ಯೂಗೇಟ್ ಜೈಲಿಗೆ ಗಾಳಿಯಂತ್ರ ಬಂತು!

ಹೋವರ್ಡನೂ ರೋಗದ ಮೂಲ ಕೆಟ್ಟ ಗಾಳಿಯೆಂದೇ ನಂಬಿದ್ದ. ಟೈಫಸ್ ಹರಡುವುದು ಬಟ್ಟೆಯ ಹೇನಿನಿಂದ ಎಂದು ಫ್ರೆಂಚ್ ವಿಜ್ಞಾನಿ ಷಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. ಆದರೆ ಹೋವರ್ಡ್ ಕೇಳಿದ ಸ್ನಾನ, ಒಗೆದ ಬಟ್ಟೆಗಳು ಹೇನಿಗೂ ಮದ್ದೇ. ಕಾರಣ ತಪ್ಪಿದರೂ ಚಿಕಿತ್ಸೆ ತಪ್ಪಲಿಲ್ಲ.

ಪುಸ್ತಕದ ನಿಜವಾದ ಶೋಧ ಜ್ವರದ್ದಲ್ಲ, ದುಡ್ಡಿನದು. ಎಷ್ಟೋ ಕಡೆ ಜೈಲರನಿಗೆ ಸಂಬಳವಿಲ್ಲ, ಕೈದಿ ಕೊಟ್ಟ ಶುಲ್ಕವೇ ಗಳಿಕೆ. ನಿರ್ದೋಷಿಯೆಂದು ತೀರ್ಪಾದವನೂ ಶುಲ್ಕ ಕಟ್ಟಲಾಗದಿದ್ದರೆ ಮತ್ತೆ ಒಳಗೇ. ಜಾಮೀನು ಸಿಕ್ಕರೂ ಶ್ಯೂರಿಟಿ ಸಿಗದೆ ಕೊಳೆಯುವವರನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಕೈದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರೀ ಸಾಲಗಾರರು. ಹೇನಿಗೆ ಬೇಕಾದ ಇಕ್ಕಟ್ಟು ಹುಟ್ಟಿದ್ದು ಇಲ್ಲಿ. ಇಷ್ಟು ಕಂಡವನು ಸಾಲಕ್ಕೆ ಸೆರೆ ಯಾಕೆ ಎಂದು ಗಟ್ಟಿಯಾಗಿ ಕೇಳುವುದಿಲ್ಲ. ಅವರನ್ನು ಬೇರೆ ಕೋಣೆಯಲ್ಲಿಡಿ ಎನ್ನುತ್ತಾನೆ. ಈ ಹಿಂಜರಿಕೆ ನನಗೆ ಒಪ್ಪಿಗೆಯಿಲ್ಲ.

ಪುಸ್ತಕಕ್ಕೂ ಮೊದಲೇ ಅವನು ಪಾರ್ಲಿಮೆಂಟಿನ ಮುಂದೆ ನುಡಿದ ಸಾಕ್ಷ್ಯದ ಬೆನ್ನಿಗೇ 1774ರಲ್ಲಿ ಎರಡು ಕಾಯಿದೆಗಳು ಬಂದವು. ಬಿಡುಗಡೆಯಾದವರಿಂದ ಶುಲ್ಕ ಕೀಳುವಂತಿಲ್ಲ ಎಂದಿತು ಒಂದು. ವರ್ಷಕ್ಕೊಮ್ಮೆ ಸುಣ್ಣ, ರೋಗಿಗಳಿಗೆ ಪ್ರತ್ಯೇಕ ಕೋಣೆ, ಸ್ನಾನದ ತೊಟ್ಟಿ ಎಂದಿತು ಇನ್ನೊಂದು; ಅದರ ಪ್ರತಿಯನ್ನು ಜೈಲಿನಲ್ಲೇ ತೂಗುಹಾಕಬೇಕಿತ್ತು. ಹೋವರ್ಡ್ ಮತ್ತೆ ಸುತ್ತಾಟಕ್ಕೆ ಹೊರಟ. ಒಂದಾದ ಮೇಲೊಂದು ಜೈಲಿನ ವಿವರದ ಕೆಳಗೆ ಅವನು ಗುರುತು ಹಾಕಿಕೊಂಡದ್ದು ಇಷ್ಟೇ: ಕಾಯಿದೆ ತೂಗುಹಾಕಿಲ್ಲ.