ಅಂಬಾಸಿಡರಿನ ದಾಯಾದಿಗಳು

ಅಂಕೋಲೆಯ ಓದುಗರೊಬ್ಬರು ಮದುವೆಯ ಫೋಟೊ ಕಳಿಸಿದ್ದಾರೆ. ಕೇಳಿರುವುದು ಮದುಮಕ್ಕಳ ಬಗ್ಗೆ ಅಲ್ಲ, ಅವರು ಬಂದಿಳಿದ ಕಾರಿನ ಬಗ್ಗೆ. ಕೆಂಪು ಬಣ್ಣ, ತೆರೆದ ಮಾಡು, ಇಬ್ಬರೇ ಕೂರುವಷ್ಟು ಜಾಗ, ಮೂತಿಯ ಮೇಲೆ ಎಂಟು ಮೂಲೆಯ ಎಂ.ಜಿ. ಬಿಲ್ಲೆ. ಬಾಡಿಗೆಗೆ ತಂದವನು '1950ರ ಇಂಗ್ಲೆಂಡ್ ಒರಿಜಿನಲ್' ಅಂದನಂತೆ. ಹೌದಾ ಸರ್ ಎಂದು ಕೇಳುತ್ತಾರೆ.

ಅಲ್ಲ. ಬಿಲ್ಲೆ ನೋಡಿ ಕಾರು ಗುರುತಿಸಲು ಹೋಗಬಾರದು. ಬಿಲ್ಲೆ ಮುಂಬಯಿಯ ಚೋರ್ ಬಜಾರಿನಲ್ಲೂ ಸಿಗುತ್ತದೆ. ಸಿಗದಿರುವುದು ಬಾಗಿಲು. ಎಂ.ಜಿ.ಯ ಟಿ ಸರಣಿಯ ಟಿಸಿ, ಟಿಡಿ, ಟಿಎಫ್ ಮೂರರಲ್ಲೂ ಬಾಗಿಲಿನ ತಿರುಗಣಿ ಹಿಂದುಗಡೆ ಇರುತ್ತದೆ. ಅಂದರೆ ಬಾಗಿಲು ಮುಂದಿನ ಅಂಚಿನಲ್ಲಿ ತೆರೆದು ಹಿಂದಕ್ಕೆ ವಾಲುತ್ತದೆ. ಫೋಟೊದಲ್ಲಿ ಮದುಮಗಳು ಸೀರೆ ಎತ್ತಿ ಇಳಿಯುತ್ತಿರುವ ಬಾಗಿಲು ನಮ್ಮ ಮಾರುತಿಯಂತೆ ಮುಂದಕ್ಕೆ ತೆರೆದಿದೆ. ಇಷ್ಟೇ ಸಾಕಿತ್ತು, ಆದರೂ ಮುಂದೆ ನೋಡೋಣ. ಅಸಲಿ ಕಾರಿನ ಬಾನೆಟ್ ನಡುವಿನ ಕೀಲಿನಿಂದ ಎಡಕ್ಕೊಂದು ಬಲಕ್ಕೊಂದು ರೆಕ್ಕೆಯಂತೆ ಏಳುತ್ತದೆ, ಪಕ್ಕದಲ್ಲಿ ಗಾಳಿಗಂಡಿಗಳ ಸಾಲಿರುತ್ತದೆ. ಇದರ ಬಾನೆಟ್ ಜೀಪಿನದರ ಹಾಗೆ ಒಂದೇ ತುಂಡು. ಅಸಲಿ ಕಾರಿನ ಅಗಲ ಐದಡಿಯೂ ಇಲ್ಲ, ಟೈರು ತೆಳ್ಳಗೆ. ಇಲ್ಲಿ ದಪ್ಪ ಟೈರುಗಳು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತಿವೆ. ಜೀಪಿನದೋ ಅಂಬಾಸಿಡರಿನದೋ ಚಾಸಿಯ ಮೇಲೆ ಯಾರೋ ಟಿಂಕರಿಂಗ್ ಮೇಸ್ತ್ರಿ ತಗಡು ಬಡಿದು ಕಟ್ಟಿದ್ದಾರೆ. ಕೆಲಸ ಕೆಟ್ಟದಾಗಿಲ್ಲ. ಮಡ್‌ಗಾರ್ಡಿನ ಆ ಬಾಗನ್ನು ಬರೀ ಸುತ್ತಿಗೆಯಲ್ಲಿ ಎಬ್ಬಿಸಿದ್ದರೆ ಆ ಮೇಸ್ತ್ರಿಗೆ ನನ್ನ ನಮಸ್ಕಾರ. ಸುಳ್ಳು ಹೇಳಿದ್ದು ಬಾಡಿಗೆಯವನು, ಕಾರು ಅಲ್ಲ.

ಅಸಲಿ ಮೂವರನ್ನು ಬಿಡಿಸಿ ನೋಡುವುದು ಕರಿ ಇಷಾಡು, ಬಿಳಿ ಇಷಾಡು ಮಾವು ಬಿಡಿಸಿದಷ್ಟೇ ಸುಲಭ. ಅಂಕೋಲೆಯವರಿಗೆ ಸಿಪ್ಪೆ ಮುಟ್ಟಿದರೆ ಸಾಕಲ್ಲ, ಹಾಗೆ. ಟಿಸಿಗೆ ಹತ್ತೊಂಬತ್ತು ಇಂಚಿನ ಎತ್ತರದ, ಕಡ್ಡಿಗಳ ಚಕ್ರ. 1945ರಿಂದ 1949ರವರೆಗೆ ಹತ್ತು ಸಾವಿರ ತಯಾರಾದವು, ಎಲ್ಲವೂ ಬಲಗಡೆ ಸ್ಟಿಯರಿಂಗಿನವು. ಟಿಡಿಗೆ ಹದಿನೈದು ಇಂಚಿನ ಉಕ್ಕಿನ ತಟ್ಟೆ ಚಕ್ರ. ಕಾರ್ಖಾನೆ ಅದಕ್ಕೆ ಕಡ್ಡಿ ಚಕ್ರ ಕೊಡಲೇ ಇಲ್ಲ, ಕಂಡರೆ ಯಾರೋ ಆಮೇಲೆ ಹಾಕಿಸಿದ್ದು. ಹೆಡ್‌ಲೈಟುಗಳು ಕಂಬದ ಮೇಲೆ ಬೇರೆಯಾಗಿ ನಿಲ್ಲದೆ ಮಡ್‌ಗಾರ್ಡಿನೊಳಗೆ ಕರಗಿ, ಮೂತಿ ಹಿಂದಕ್ಕೆ ವಾಲಿದ್ದರೆ 1953ರ ಟಿಎಫ್. ಅದರ ರೇಡಿಯೇಟರ್ ಮುಚ್ಚಳ ಬರೀ ತೋರಿಕೆಗೆ, ತಿರುಗಿಸಿದರೆ ನೀರು ಸಿಗದು.

ಇವುಗಳ ಎಂಜಿನ್ನಿನಲ್ಲಿ ಇನ್ನೊಂದು ಚೋದ್ಯವಿದೆ. ಬೋಲ್ಟಿನ ಹೊರತಲೆ ಬ್ರಿಟಿಷರ ವಿಟ್‌ವರ್ತ್ ಅಳತೆ, ಒಳಗಿನ ಮರೆ ಮಾತ್ರ ಫ್ರೆಂಚರ ಮೆಟ್ರಿಕ್! ಎಂ.ಜಿ.ಗೆ ಎಂಜಿನ್ ಕೊಡುತ್ತಿದ್ದ ಮಾರಿಸ್ ಕಂಪನಿ ಕೊಂಡ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯದಾಗಿತ್ತು, ಮೆಷಿನ್ನುಗಳು ಹಾಗೇ ಉಳಿದವು. ನಟ್ಟು ಕಳೆದುಹೋದರೆ ಬಜಾರಿನಲ್ಲಿ ಜೋಡಿ ಸಿಗುವುದಿಲ್ಲ. ನಕಲಿ ಕಟ್ಟುವವರಿಗೆ ಈ ಸಂಗತಿ ಗೊತ್ತಿಲ್ಲದಿರುವುದು ನಮಗೆ ಅನುಕೂಲ.

ಜಾಗ್ವಾರಿನ ಎಕ್ಸ್‌ಕೆ ಬಗ್ಗೆಯೂ ಆಗಾಗ ಕೇಳುತ್ತಾರೆ. ಎದುರು ಗಾಜು ಎರಡು ಚಪ್ಪಟೆ ತುಂಡಾಗಿದ್ದು ಮೂತಿಯಲ್ಲಿ ತೆಳ್ಳನೆಯ ಸಲಾಕೆಗಳು ಒತ್ತಾಗಿದ್ದರೆ 1948ರ ಎಕ್ಸ್‌ಕೆ 120. ಸಲಾಕೆ ಕಡಿಮೆಯಾಗಿ ಬಂಪರ್ ದಪ್ಪಗಾದರೆ 140. ಗಾಜು ಬಾಗಿದ ಒಂದೇ ತುಂಡಾದರೆ 150. ಮೂರರಲ್ಲಿ ನನಗೆ ಮೊದಲನೆಯದೇ ಇಷ್ಟ. ಉಳಿದೆರಡು ಹೊಟ್ಟೆ ಬಂದ ಮೇಲಿನ ಫೋಟೊಗಳು.

ಆದರೆ ಇದೆಲ್ಲ ಹೊರಮೈ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅರ್ಥವಾಗಬೇಕಾದರೆ ಲಂಡನ್ನಿಗೆ ಹೋಗಬೇಕಿಲ್ಲ. ಕಾರವಾರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾನೆಟ್ ಎತ್ತಿ ನಿಂತಿರುತ್ತಿದ್ದ ಅಂಬಾಸಿಡರನ್ನು ನೆನಪಿಸಿಕೊಂಡರೆ ಸಾಕು. 1955ರಲ್ಲಿ ಬಂದ ಎಂಜಿಎ ಎಂಬ ಚೆಲುವೆಯ ಎಂಜಿನ್ 1489 ಸಿ.ಸಿ.ಯ 'ಬಿ ಸೀರೀಸ್'. ಅಂಬಾಸಿಡರಿಗೆ ಅದರ ಹಳೆಯ ಸೈಡ್ ವಾಲ್ವ್ ಎಂಜಿನ್ ತೆಗೆದು ಕೂರಿಸಿದ್ದೂ ಅದೇ 1489 ಸಿ.ಸಿ. ಬಿ ಸೀರೀಸ್. ಎಂಜಿಎಗೆ ಎರಡು ಎಸ್.ಯು. ಕಾರ್ಬುರೇಟರ್ ಕೊಟ್ಟು ಸುಮಾರು ಎಪ್ಪತ್ತು ಅಶ್ವಶಕ್ತಿ ಹಿಂಡಿದರು. ನಮ್ಮದಕ್ಕೆ ಒಂದೇ ಕಾರ್ಬುರೇಟರ್, ಮೇಲೆ ಏಳು ಜನ, ಡಿಕ್ಕಿಯಲ್ಲಿ ಮೀನಿನ ಬುಟ್ಟಿ. ಒಂದೇ ಮನೆಯ ದಾಯಾದಿಗಳು, ಒಬ್ಬ ಪಟ್ಟಣ ಸೇರಿ ಮೆರೆದ, ಇನ್ನೊಬ್ಬ 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಸಂಸಾರದ ಭಾರ ಹೊತ್ತ.

ಎಸ್.ಯು. ಕಾರ್ಬುರೇಟರನ್ನು ಹಳೆಯ ಮೇಸ್ತ್ರಿಗಳು ಕಿವಿಯಿಂದ ಸರಿಮಾಡುತ್ತಾರೆ. ಒಂದೇ ಇದ್ದರೆ ಸರಳ. ಎರಡಿದ್ದರೆ ರಬ್ಬರ್ ನಳಿಗೆಯ ಒಂದು ತುದಿ ಕಿವಿಯಲ್ಲಿ, ಇನ್ನೊಂದು ಮೊದಲ ಕಾರ್ಬುರೇಟರಿನ ಬಾಯಲ್ಲಿ. ಎಂಜಿನ್ ಗಾಳಿ ಎಳೆಯುವ 'ಸುಸ್ಸ್' ಸದ್ದು ಕೇಳಿ, ಎರಡನೆಯದರ ಬಾಯಿಗೆ ಇಟ್ಟು ಅದೇ ಸ್ವರ ಬರುವವರೆಗೆ ಸ್ಕ್ರೂ ತಿರುಗಿಸಬೇಕು. ಶ್ರುತಿ ಕೂಡಿದಾಗ ಎಂಜಿನ್ನಿನ ನಡುಕ ತಾನಾಗಿ ನಿಲ್ಲುತ್ತದೆ. ಇದನ್ನು ಕಲಿಸುವ ಐಟಿಐ ಈಗ ಇರಲಿಕ್ಕಿಲ್ಲ.

ಟ್ರಯಂಫ್ ಟಿಆರ್2, ಅದರ ಹಿಂದೆ ಬಂದ ಟಿಆರ್3, ಮಾರ್ಗನ್ ಪ್ಲಸ್ ಫೋರ್, ಇವಕ್ಕೆ ಹಾಕಿದ ಎಂಜಿನ್ ಮೂಲದಲ್ಲಿ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಎಂಬ ಗುಂಡುಮೈಯ ಸಂಸಾರಿ ಕಾರಿನದು. ಮದರಾಸಿನಲ್ಲಿ ಜೋಡಣೆಯಾಗುತ್ತಿದ್ದ ಅದೇ ವ್ಯಾನ್‌ಗಾರ್ಡ್. ಇದೇ ಕುಟುಂಬದ ಎಂಜಿನ್ ಫರ್ಗುಸನ್ ಟ್ರ್ಯಾಕ್ಟರಿನಲ್ಲೂ ಇತ್ತು. ಗದ್ದೆ ಹೂಡುವುದಕ್ಕೂ ರೇಸಿಗೂ ಒಂದೇ ಎಂಜಿನ್ ಆದೀತು ಎಂದು ನಂಬಿದವರ ಧೈರ್ಯಕ್ಕೆ ಏನೆನ್ನೋಣ!

ನನ್ನ ಪಕ್ಷಪಾತ ಮಾತ್ರ ಹೆರಾಲ್ಡಿನ ಕಡೆಗೆ. ಟ್ರಯಂಫ್ 1959ರಲ್ಲಿ ತಂದ ಆ ಪುಟ್ಟ ಕಾರಿಗೆ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಎರಡು ವರ್ಷದಲ್ಲಿ ಅದು ಮದರಾಸಿನಲ್ಲಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಆಗಿ ಹೊರಬಿತ್ತು. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನವರೂ ಕಾಣದ್ದು, ಅದು ನಮ್ಮದೇ. ಬಾನೆಟ್ ಎತ್ತಿದರೆ ಮಡ್‌ಗಾರ್ಡ್, ದೀಪ ಎಲ್ಲ ಸೇರಿ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೇಸ್ತ್ರಿ ಮುಂದಿನ ಟೈರಿನ ಮೇಲೆ ಕೂತು, ಬೀಡಿ ಹಚ್ಚಿ, ಆರಾಮಾಗಿ ಪಾನಾ ತಿರುಗಿಸಬಹುದು. ಇಪ್ಪತ್ತೈದು ಅಡಿ ವೃತ್ತದಲ್ಲಿ ತಿರುಗುವ ಆ ಕಾರಿಗೆ ಅಂಕೋಲೆಯ ಪೇಟೆಯ ಗಲ್ಲಿಯೂ ಸಾಕು.

ಇದೇ ಚಾಸಿಯನ್ನು ಮೊಟಕುಗೊಳಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಮಾಡಿದರು. ಅದರ ಬಾನೆಟ್ಟೂ ಹಾಗೇ ಮಗುಚುತ್ತದೆ, ಗುರುತಿಗೆ ಅದೂ ಒಂದು ಸುಳಿವು. ಲ ಮಾನ್‌ನ 24 ತಾಸಿನ ರೇಸಿನಲ್ಲಿ 1965ರಲ್ಲಿ ಸ್ಪಿಟ್‌ಫೈರ್ ತನ್ನ ವರ್ಗದಲ್ಲಿ ಗೆದ್ದಿತು. ಹೆರಾಲ್ಡಿನ ದೋಷವೂ ಅದಕ್ಕೆ ಬಳುವಳಿಯಾಗಿ ಬಂದಿತ್ತು. ಹಿಂದಿನ ಚಕ್ರಗಳ ಆಕ್ಸಲ್ ನಡುವಿನಿಂದ ತೂಗಾಡುವಂಥದು. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿಯುವಾಗ ತಿರುವಿನಲ್ಲಿ ಹೆದರಿ ಫಕ್ಕನೆ ಆಕ್ಸಿಲರೇಟರಿನಿಂದ ಕಾಲು ತೆಗೆದಿರೋ, ಹಿಂಭಾಗ ಮೇಲೆದ್ದು, ಹೊರಬದಿಯ ಚಕ್ರ ಹೊಟ್ಟೆಯಡಿಗೆ ಮಡಚಿಕೊಂಡು, ಕಾರು ಹಿಂದುಮುಂದಾಗಲು ನೋಡುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಕಾಲು ಅಲುಗಿಸದೆ ಹೋದರೆ ಏನೂ ಆಗದು. ಮದರಾಸಿನ ಕಂಪನಿ ಆಮೇಲೆ ಗೆಜೆಲ್ ಎಂಬ ಹೆಸರಿನಲ್ಲಿ ಹೆರಾಲ್ಡಿಗೆ ಲಾರಿಯಂತೆ ಗಟ್ಟಿ ಆಕ್ಸಲ್ ಹಾಕಿತು. ಕಾರು ಸಭ್ಯವಾಯಿತು, ನನಗೆ ಆಸಕ್ತಿ ಹೋಯಿತು.

ರೇಸಿಗೆ ಈ ಹೆರಾಲ್ಡುಗಳು ಓಡಿದ್ದು ಮದರಾಸಿನ ಹೊರಗಿನ ಷೋಲಾವರಂನಲ್ಲಿ. ಯುದ್ಧಕಾಲದ ವಿಮಾನ ಓಡುದಾರಿ ಅದು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಅಂಥದೇ. 1953ರಲ್ಲಿ ಶುರುವಾದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸು ಕಟ್ಟಿತು. ಸೀಟು ಕಿತ್ತ ಹೆರಾಲ್ಡ್, ಫಿಯೆಟ್‌ಗಳು ಓಡಿದ ನೆಲದಲ್ಲೇ ವಿಜಯ್ ಮಲ್ಯ ಎನ್‌ಸೈನ್ ಎಂಬ ಬ್ರಿಟಿಷ್ ರೇಸ್ ಕಾರು ಓಡಿಸಿದ್ದು. ಅಂಕೋಲೆ ಬಳಿಯ ನಮ್ಮ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎನ್ನುತ್ತಾರೆ. ಎಂದಾದರೂ ಒಂದು ರವಿವಾರ ಖಾಲಿ ಬಿಟ್ಟರೆ ಎಂದು ಆಸೆಪಡುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ.

ಗೋವಾ ಕಡೆಯಿಂದ ಹೆದ್ದಾರಿಯಲ್ಲಿ ಹಳೆಯ ಕಾರು ಬಂದರೆ ಮೊದಲು ನಂಬರ್ ಪ್ಲೇಟು ನೋಡಿ. ಜಿ.ಡಿ. ಅಕ್ಷರವಿದ್ದರೆ ಗೋವಾ, ದಮನ್, ದಿಯು ಒಂದೇ ಆಡಳಿತದಲ್ಲಿದ್ದ ಕಾಲದ್ದು. 1961ಕ್ಕೆ ಮೊದಲು ಗಡಿಯ ಮಾಜಾಳಿಯ ಆಚೆ ಪೋರ್ಚುಗೀಸರು. ನಮ್ಮಲ್ಲಿ ಆಮದಿಗೆ ಬೀಗ ಬಿದ್ದ ಮೇಲೂ ಅಲ್ಲಿ ಹೊರಗಿನ ಕಾರು ಇಳಿಯುತ್ತಿತ್ತು. ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿ.ಎ. ಎಂದಿದ್ದರೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲಿ ಉಳಿದ ವಾಹನಕ್ಕೆಂದು 2021ರ ಕೇಂದ್ರ ನಿಯಮ ಕೊಟ್ಟ ನೋಂದಣಿ. ಶುಲ್ಕ ಇಪ್ಪತ್ತು ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಮದುವೆ ಬಾಡಿಗೆಗೆ ಓಡಿಸುವಂತಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕಣ್ಣು ಪಳಗಿಸಲು ಅಸಲಿ ಕಾರುಗಳ ಎದುರು ನಿಲ್ಲಬೇಕು. ಧರ್ಮಸ್ಥಳದ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಬಳಿ ವೀರೇಂದ್ರ ಹೆಗ್ಗಡೆಯವರು ಕಟ್ಟಿಸಿದ 'ಪಯಣ' ಇದೆ. ಮೂತಿಯ ಎದುರು ಸೆಲ್ಫಿ ತೆಗೆಯದೆ, ಪಕ್ಕಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಬಾಗಿಲಿನ ಸಂದು ನೋಡಿ.

ಕೊಳ್ಳುವ ಹುಚ್ಚಿದ್ದವರಿಗೆ ಎರಡು ಮಾತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಮೇಲೆ ಉಪ್ಪುಗಾಳಿ. ಟಿ ಸರಣಿಯ ತಗಡಿನ ಒಳಗಿರುವುದು ಆ್ಯಶ್ ಮರದ ಚೌಕಟ್ಟು, ನಮ್ಮೂರಿನಲ್ಲಿ ಅದಕ್ಕೆ ಗೆದ್ದಲೂ ಪಾಲುದಾರ. ಹೆರಾಲ್ಡಾದರೆ ಬಣ್ಣಕ್ಕೆ ಮರುಳಾಗಬೇಡಿ. ಚಾಸಿಯಿಂದ ಎರಡೂ ಬದಿ ಚಾಚಿದ ಅಡ್ಡಪಟ್ಟಿಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಒಳಗೆ ಹೋದರೆ ಅಲ್ಲಿಗೇ ಬಿಡಿ. ಬಾಗಿಲಿನ ಸಂದು ಮೇಲೆ ಕಿರಿದು ಕೆಳಗೆ ಅಗಲವಿದ್ದರೆ ಚಾಸಿ ನಡು ಮುರಿದಿದೆ ಎಂದೇ ಲೆಕ್ಕ. ಚುಚ್ಚಲು ಬಿಡದ ಮಾಲೀಕನಿಗೆ ಮುಂಗಡ ಕೊಡಬೇಡಿ.